ಪಲ್ಲೆ ಬಸಿದ ನೀರು

ನನ್ನ ಗಂಡನ ಕಿಡ್ನಿಗಳು ಕೆಲಸ ನಿಲ್ಲಿಸಿದ ಮೇಲೆ ನಾವು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಮಾನ್ವಿಯಿಂದ ರಾಯಚೂರಿಗೆ ಹೋಗುತ್ತಿದ್ದೆವು. ಅಲ್ಲಿಯ ಆಹಾರ ತಜ್ಞೆ ಮೊದಲ ದಿನವೇ ನಾವು ತಿಳಿದದ್ದನ್ನೆಲ್ಲ ತಲೆಕೆಳಗು ಮಾಡಿದರು. ರಾಜಗಿರಿ ಸೊಪ್ಪಿನ ಪಲ್ಲೆಯಲ್ಲಿ ಕಬ್ಬಿಣವಿದೆ, ನಾರಿದೆ, ವಿಟಮಿನ್ ಇದೆ. ಪೊಟ್ಯಾಸಿಯಂ ಕೂಡ ಬಹಳ ಇದೆ. ಅದನ್ನು ಹೊರಹಾಕಲು ಈ ಮೈಗೆ ಆಗುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಲ್ಲಬಹುದು. ಶೇಂಗಾ ಎಣ್ಣೆಯಲ್ಲಿ ಕೊಬ್ಬು ಬಿಟ್ಟರೆ ಹೆಚ್ಚೇನೂ ಇಲ್ಲ, ಆದರೆ ಪೊಟ್ಯಾಸಿಯಂ ಇಲ್ಲವೇ ಇಲ್ಲ. ಸೊರಗಿದ್ದಾರೆ, ಶಕ್ತಿ ಬೇಕು, ಅನ್ನಕ್ಕೆ ಎಣ್ಣೆ ಹಾಕಿ ಕೊಡಿ ಎಂದರು. ಪಲ್ಲೆ ಬೇಕೇ ಬೇಕೆಂದರೆ ಅಪರೂಪಕ್ಕೆ, ಬಹಳ ನೀರಿನಲ್ಲಿ ಕುದಿಸಿ, ಬಸಿದು, ಒಂದು ಹಿಡಿ.

ನಾನು ಶಾಲೆಗೆ ಪಾಠ ಮಾಡಲು ಹೋಗಬೇಕಿತ್ತು. ಅಡಿಗೆಗೆಂದು ದೇವದುರ್ಗದಿಂದ ಅತ್ತೆ ಬಂದರು. ನಾನು ಹೇಳಿದ್ದನ್ನು ಕೇಳಿ ನಕ್ಕರು.

"ಪಲ್ಲಿ ವಿಷ, ಎಣ್ಣಿ ಅಮೃತ! ಆ ದವಾಖಾನಿ ಬಾಯಾರ ಮನ್ಯಾಗ ಎಣ್ಣಿ ಗಾಣ ಅದ ಏನವ್ವಾ?"

"ನಗಬ್ಯಾಡ್ರಿ ಅತ್ತಿ. ಬಸಿದ ಮಾಡ್ರಿ."

"ಬಸೀತೀನಿ ತಗೋ. ನನ್ನ ಮಗಗ ನಾ ಕೆಟ್ಟದ್ದು ಮಾಡ್ತೀನೇನು?"

ಮೊದಲ ದಿನ ಅವರು ಬಸಿಯುವುದನ್ನು ನಾನೇ ನಿಂತು ನೋಡಿದೆ. ಆಮೇಲೆ ನೋಡಲಿಲ್ಲ.

ಎರಡನೆಯ ವಾರ ಒಂದು ಮಧ್ಯಾಹ್ನ ಗಂಡನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. "ಕಾಲು ನನ್ನವಲ್ಲ ಅನಸಾಕತ್ಯಾವ" ಎಂದರು. ಬಾಡಿಗೆ ಕಾರು ತರಿಸಿ ರಾಯಚೂರಿಗೆ ಹೊರಟೆವು. ದಾರಿಯುದ್ದಕ್ಕೂ ಗಂಡನ ಮಣಿಕಟ್ಟು ಹಿಡಿದಿದ್ದೆ. ನಾಡಿ ಒಮ್ಮೆ ಬಡಿದರೆ ಮುಂದಿನ ಬಡಿತಕ್ಕೆ ಕಾಯಬೇಕಾಗುತ್ತಿತ್ತು.

ಪೊಟ್ಯಾಸಿಯಂ ಏರಿದೆ, ಏನು ತಿಂದಿದ್ದಾರೆ ಎಂದು ವೈದ್ಯರು ಕೇಳಿದರು. ಅತ್ತೆ ಮುಂದೆ ಬಂದರು.

"ಪಲ್ಲಿ ಅವಗ ಹಾಕೇ ಇಲ್ರಿ, ನಾನ ತಿಂದೀನಿ. ಬಸಿದ ನೀರಿಗೆ ಬಳ್ಳೊಳ್ಳಿ ಒಗ್ಗರಣಿ ಕೊಟ್ಟು ದಿನಾ ಅನ್ನಕ್ಕ ಸಾರು ಮಾಡೀನಿ. ಬರೇ ನೀರರೀ ಅದು."

ಬೇಳೆಯ ಕಟ್ಟಾಗಲಿ, ಪಲ್ಲೆ ಬಸಿದ ನೀರಾಗಲಿ ನಮ್ಮ ಕಡೆ ಯಾರೂ ಚೆಲ್ಲುವುದಿಲ್ಲ. ಸತ್ವವೆಲ್ಲ ಅದರಲ್ಲೇ ಇಳಿದಿರುತ್ತದೆ ಎನ್ನುತ್ತೇವೆ. ಇಳಿದಿತ್ತು.

ವೈದ್ಯರು ಬೈಯಲಿಲ್ಲ. "ಪೊಟ್ಯಾಸಿಯಂ ಇದ್ದದ್ದು ಆ ನೀರಿನಲ್ಲೇ ಅಮ್ಮಾ" ಎಂದು ಒಳಗೆ ಹೋದರು. ಇಂಜೆಕ್ಷನ್ ಕೊಟ್ಟರು, ಡಯಾಲಿಸಿಸ್ ಯಂತ್ರಕ್ಕೆ ಜೋಡಿಸಿದರು. ಉಳಿಯುತ್ತಾರೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಕೇಳಿದರೆ ಉತ್ತರ ಬಂದುಬಿಡುತ್ತಿತ್ತು.

ಸಂಜೆ ನರ್ಸ್ ಹೊರಗೆ ಬಂದು, ಎಚ್ಚರವಾಗಿದ್ದಾರೆ, ಒಬ್ಬರು ಬನ್ನಿ ಎಂದಳು. ನೆಲದ ಮೇಲೆ ಕೂತಿದ್ದ ಅತ್ತೆ ಏಳಲಿಲ್ಲ. ನನ್ನ ಸೆರಗು ಹಿಡಿದರು.

"ಅವಗ ಹೇಳಬ್ಯಾಡವ್ವಾ. ಇನ್ನ ನನ್ನ ಕೈಯಾಗಿಂದು ಉಣ್ಣಂಗಿಲ್ಲ ಅವ."

ಹೇಳುವುದಿಲ್ಲ ಎಂದೆ. ಆದರೆ ಆ ಕೈಯ ಅಡಿಗೆ ಇನ್ನು ಬೇಡವೆಂದು ವೈದ್ಯರ ಎದುರು ನಿಂತಾಗಲೇ ನಾನು ತೀರ್ಮಾನಿಸಿಯಾಗಿತ್ತು. ಅದನ್ನು ಹೇಗೆ ಹೇಳಬೇಕೋ ತಿಳಿಯದೆ, ಸೆರಗು ಬಿಡಿಸಿಕೊಂಡು ಒಳಗೆ ಹೋದೆ.