ಮೆಟ್ಟಿಲೇ ಇಲ್ಲದ ಊರಲ್ಲಿ ಬಿದ್ದವರು

ಒಂದಾನೊಂದು ಊರಲ್ಲಿ, ಯುದ್ಧದ ಒಂದೇ ತಿಂಗಳಲ್ಲಿ, ನಲವತ್ತಮೂರು ಹೆಂಗಸರು ಮೆಟ್ಟಿಲಿಂದ ಜಾರಿ ಬಿದ್ದರಂತೆ. ಆ ಊರಲ್ಲಿ ಆಗ ಮಹಡಿ ಮನೆ ಒಂದೂ ಇರಲಿಲ್ಲ. ಅಜ್ಜಿ ಹೇಳಿದ್ದರೆ ಹೂಂಗುಟ್ಟುತ್ತ ನಿದ್ದೆ ಹೋಗಬಹುದಿತ್ತು. ಇದನ್ನು ಹೇಳುತ್ತಿರುವುದು ಆಸ್ಪತ್ರೆಯ ನಲವತ್ತು ವರ್ಷ ಹಳೆಯ ದಾಖಲೆ ಪುಸ್ತಕ.

ಬೆಳಕು ಹರಿಯುವ ಹೊತ್ತಿಗೆ ಅದರ ಮುಂದೆ ಕೂತಿರುತ್ತಾಳೆ ರಿಜಿಸ್ಟರಮ್ಮ. ದಾಖಲೆ ಕೋಣೆಯ ಗುಮಾಸ್ತೆಗೆ ಊರು ಇಟ್ಟ ಹೆಸರದು. ಹತ್ತರ ನಂತರ ಸರ್ಕಾರಿ ಕೆಲಸ. ಅದಕ್ಕೆ ಮೊದಲಿನ ಹೊತ್ತು ಈ ಹೆಂಗಸರದು. ಕೆಲಸಕ್ಕೆ ಸೇರಿದ ವರ್ಷ ಹಳೆಯ ಕಟ್ಟುಗಳ ಧೂಳು ಒರೆಸುವಾಗ, ತನ್ನನ್ನು ಸಾಕಿದ ದೊಡ್ಡಮ್ಮನ ಹೆಸರು ಕಣ್ಣಿಗೆ ಬಿತ್ತು. ಮುಂದೆ ಅದೇ ಕಾರಣ: ಮೆಟ್ಟಿಲು. ಸಿಪಾಯಿಗಳು ಬಾಗಿಲಲ್ಲೇ ನಿಂತಿದ್ದಾಗ ಡಾಕ್ಟರು ಬರೆದದ್ದು ಅಷ್ಟೇ. ಆಮೇಲೆ ಯಾರು ಕೇಳಿದರೂ ಅಧಿಕಾರಿಗಳದು ಒಂದೇ ರಾಗ: ಅತ್ಯಾಚಾರ ನಡೆದೇ ಇಲ್ಲ, ಬೇಕಿದ್ದರೆ ಪುಸ್ತಕ ನೋಡಿ.

ಬರೆದದ್ದನ್ನು ಅಳಿಸುವಂತಿಲ್ಲ, ತಿದ್ದಬಹುದು ಎನ್ನುತ್ತದೆ ಆಸ್ಪತ್ರೆಯ ನಿಯಮ. ಹಳೆಯದು ಓದುವಂತೆಯೇ ಉಳಿಯುವ ಹಾಗೆ ಒಂದು ಕೆಂಪು ಗೆರೆ, ಪಕ್ಕದಲ್ಲಿ ನಿಜ, ಕೆಳಗೆ ಆ ಹೆಂಗಸಿನ ಹೆಬ್ಬೆಟ್ಟು, ಈಗಿನ ಡಾಕ್ಟರ ರುಜು. ತೀರಿಹೋದವರ ಪರವಾಗಿ, ಆಗ ಪಕ್ಕದ ಮಂಚದಲ್ಲಿದ್ದವರ ಸಾಕ್ಷಿ. "ಸುಳ್ಳೂ ಕಾಣ್ಲಿ ಬಿಡಿ," ಎನ್ನುತ್ತಾಳೆ ರಿಜಿಸ್ಟರಮ್ಮ, "ಅದೂ ಒಂದು ಸಾಕ್ಷಿನೇ."

ಹತ್ತೊಂಬತ್ತು ವರ್ಷ, ನಲವತ್ತೆರಡು ಗೆರೆ. ಒಬ್ಬರನ್ನೂ ಬಿಟ್ಟು ಪುಸ್ತಕ ಕಳಿಸುವುದಿಲ್ಲವೆಂದು ಮೊದಲು ಬಂದವಳಿಗೆ ಮಾತು ಕೊಟ್ಟಿದ್ದಾಳೆ. ಆ ಯುದ್ಧದ ಅತ್ಯಾಚಾರಗಳ ಬಗ್ಗೆ ಈಗ ನೇಮಕವಾದ ವಿಚಾರಣಾ ಆಯೋಗದವರು ಅದನ್ನು ಒಯ್ಯುವುದು ಇವತ್ತು ಹತ್ತಕ್ಕೆ. ನಾಳೆ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಉಳಿದಿರುವುದು ದೊಡ್ಡಮ್ಮ ಒಬ್ಬಳೇ. ಊರವರನ್ನೆಲ್ಲ ಕೇಳಿದ ಬಾಯಿ, ತುತ್ತಿಟ್ಟವಳ ಎದುರು ಮಾತ್ರ ಕಟ್ಟಿಹೋಗುತ್ತದೆ.

ಒಂಬತ್ತಕ್ಕೆ ಕೋಲೂರಿಕೊಂಡು ದೊಡ್ಡಮ್ಮನೇ ಬರುತ್ತಾಳೆ. ಹಿಂದೆಯೇ ಜಗಲಿ ತುಂಬ ಆ ಕಾಲದ ವಾರ್ಡಿನ ಗೆಳತಿಯರು.

"ಊರವರನ್ನೆಲ್ಲ ಕೇಳ್ದೆ. ನಾನೇನು ನಿನ್ನ ಪುಸ್ತಕಕ್ಕೆ ಬೇಡ್ವಾ?"

"ನಿನಗೆ ನೋವಾಗುತ್ತೆ ಅಂತ, ದೊಡ್ಡಮ್ಮ..."

"ನೀನು ಕೇಳ್ತೀಯ ಅಂತ ನಾನು ಕಾದೆ, ನಾನು ಹೇಳ್ತೀನಿ ಅಂತ ನೀನು. ಚೆನ್ನಾಗಿದೆ ಕಣೆ ನಮ್ಮ ಸಂಸಾರ. ಬರಿ. ನಾನು ಎಲ್ಲಿಂದಲೂ ಬೀಳಲಿಲ್ಲ. ಮೂರು ಜನ ಸಿಪಾಯಿಗಳು ಬಲಾತ್ಕಾರ ಮಾಡಿದ್ರು. ಕೆಡಿಸಿದ್ರು ಅಂತ ಮಾತ್ರ ಬರೀಬೇಡ. ನಾನು ಕೆಟ್ಟಿಲ್ಲ."

ರಿಜಿಸ್ಟರಮ್ಮ ನಲವತ್ತಮೂರನೆಯ ಗೆರೆ ಎಳೆದು, ಪಕ್ಕದಲ್ಲಿ ಅವಳ ಮಾತನ್ನೇ ಬರೆಯುತ್ತಾಳೆ. ಹೆಬ್ಬೆಟ್ಟು ಒತ್ತಿದ ದೊಡ್ಡಮ್ಮ, ಸಾಲದಿದ್ದರೆ ಇನ್ನೊಂದೂ ಇದೆ ಎಂದು ಎಡಗೈ ಮುಂದೆ ಮಾಡಿದಾಗ ಜಗಲಿಗೆ ಜಗಲಿಯೇ ನಗುತ್ತದೆ. ಡಾಕ್ಟರು ಬಂದು ರುಜು ಹಾಕುತ್ತಾರೆ.

ಹತ್ತಕ್ಕೆ ಸರಿಯಾಗಿ ಆಯೋಗದ ಅಧಿಕಾರಿ ಬಂದು, ಯಾರಾದರೂ ಬಾಕಿ ಇದ್ದಾರೆಯೇ ಎಂದು ಕೇಳುತ್ತಾರೆ. ರಿಜಿಸ್ಟರಮ್ಮ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ಅವರಿಗೆ ಒಪ್ಪಿಸುತ್ತಾಳೆ.

"ಎಲ್ಲರೂ ಬಂದಿದ್ದಾರೆ ಸಾರ್."