ಬುಟ್ಟಿಯ ಕೆಳಗಿನ ಮರಿ

ನಮ್ಮ ಸೀಮೆಗೆ ಬೇರೆ ರಾಜ್ಯ ಕೊಡುತ್ತೇವೆಂದು ದಿಲ್ಲಿಯವರು ಹೇಳಿಯಾಗಿತ್ತು, ಅದಿನ್ನೂ ಬಂದಿರಲಿಲ್ಲ. ಆ ನಡುವಿನ ದಿನಗಳಲ್ಲಿ ನಮ್ಮ ಕಡೆಯ ಊರುಗಳೆಲ್ಲ ಅರೆನಿದ್ದೆಯಲ್ಲಿದ್ದವು. ಮುಷ್ಕರಕ್ಕೆ ಬಸ್ಸು ನಿಂತು, ಶಾಲೆ ಕಾಲೇಜುಗಳಿಗೆ ಬೀಗ ಬಿದ್ದಿತ್ತು. ಹೆದ್ದಾರಿಯ ಮೇಲೆ ಮೇಕೆಗಳು ಮಲಗಿ ಮೆಲುಕು ಹಾಕುತ್ತಿದ್ದವು. ನಾರಾಯಣಪೇಟೆಯಲ್ಲಿ ಕೆಲವರು ಅಂಗಡಿಯ ಬೋರ್ಡಿನ ಮೇಲೆ ಹಳೆಯ ರಾಜ್ಯದ ಹೆಸರು ಅಳಿಸಿ ಹೊಸದನ್ನು ಬರೆಸಿಯೂ ಬಿಟ್ಟಿದ್ದರಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ! ನಾನು ಗದ್ವಾಲಿನ ಜೂನಿಯರ್ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದವಳು. ನಾಲ್ಕು ದಿನಕ್ಕೆಂದು ಮಕ್ತಲ್ ಹತ್ತಿರದ ತವರೂರಿಗೆ ಬಂದವಳು ಬಸ್ಸಿಲ್ಲದೆ ಅಲ್ಲೇ ಉಳಿದುಬಿಟ್ಟೆ.

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಊರಲ್ಲಿ ಇಂಟರ್ ಓದುವ ಮೂವರು ಹುಡುಗಿಯರಿದ್ದರು. ಕಾಲೇಜು ಮುಚ್ಚಿತೆಂದು ಖುಷಿಯಲ್ಲಿದ್ದವರನ್ನು ಹಿಡಿದು ತಂದು ಮನೆಯ ಮುಂದಿನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂರಿಸಿದೆ. ಮಧ್ಯಾಹ್ನದ ಊಟದ ಮೇಲೆ ಪಾಠ. ಸ್ವಲ್ಪ ದೂರದ ಕಟ್ಟೆಯ ಮೇಲೆ ಅಪ್ಪ ಕುರಿಯ ಉಣ್ಣೆ ನೂಲುತ್ತ ಕೂತಿರುತ್ತಿದ್ದ. ಕುರಿ ಕಾಯುವುದನ್ನು ನನ್ನ ತಮ್ಮನಿಗೆ ಬಿಟ್ಟುಕೊಟ್ಟ ಮೇಲೆ ಅವನಿಗೆ ಅದೇ ಕೆಲಸ. ನಾನು ಹೇಳುವುದು ಅವನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ, ನಾನು ಯೋಚಿಸಿರಲಿಲ್ಲ.

ಒಂದು ದಿನ ಹುಡುಗಿಯೊಬ್ಬಳು ಹಳೆಯ ಪತ್ರಿಕೆಯ ಹಾಳೆ ತಂದಳು. ಅದರಲ್ಲಿ ಪೆಟ್ಟಿಗೆಯೊಳಗೆ ಕೂತ ಬೆಕ್ಕಿನ ಚಿತ್ರ. ಬೆಕ್ಕು ಬದುಕಿಯೂ ಇದೆ, ಸತ್ತೂ ಇದೆ ಎಂದು ಬರೆದಿತ್ತು. ಇದೇನೆಂದು ಕೇಳಿದರು. ನಾಳೆ ಹೇಳುತ್ತೇನೆಂದು ಹಾಳೆ ಮಡಚಿಟ್ಟೆ. ತಿಳಿಯದ ವಿಷಯವೇನಲ್ಲ. ಗದ್ವಾಲಿನಲ್ಲೂ ಯಾರಾದರೂ ಕೇಳಿದಾಗಲೆಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಗದರಿಸಿ ತಪ್ಪಿಸಿಕೊಂಡಿದ್ದೆ. ಆ ಬೆಕ್ಕಿನ ಮಾತು ಬಂದರೆ ನನಗೆ ಒಂದು ಕುರಿಮರಿ ನೆನಪಾಗುತ್ತಿತ್ತು. ಅದನ್ನು ಕೊಂದವಳು ನಾನು ಎಂದು ಮೂವತ್ತು ವರ್ಷದಿಂದ ನಂಬಿದ್ದೆ.

ನನಗಾಗ ಎಂಟು ವರ್ಷ. ನಮ್ಮದು ಬೀರಪ್ಪನ ಒಕ್ಕಲು, ಹಟ್ಟಿ ತುಂಬ ಕುರಿ. ಎಳೆಯ ಮರಿಗಳು ಹಿಂಡಿನ ಜೊತೆ ನಡೆಯಲಾರವು. ಹಿಂಡು ಮೇಯಲು ಹೋದಾಗ ಅವುಗಳ ಮೇಲೆ ದೊಡ್ಡ ಬುಟ್ಟಿ ಬೋರಲು ಹಾಕಿ, ನಾಯಿ ಉರುಳಿಸದಂತೆ ಕಲ್ಲು ಹೇರುತ್ತಾರೆ. ಸಂಜೆ ತಾಯಿ ಬಂದ ಮೇಲೆಯೇ ಬುಟ್ಟಿ ಎತ್ತುವುದು. ಆ ವರ್ಷ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದು ಮರಿ ಹುಟ್ಟಿದಾಗಿನಿಂದ ಹಾಲು ಕುಡಿಯದೆ ಸೊರಗಿತ್ತು. ಒಂದು ರಾತ್ರಿ ನಾನು ಅದರ ಪಕ್ಕದಲ್ಲೇ ಮಲಗಿದ್ದೆ. ಬೆಳಿಗ್ಗೆ ಎದ್ದಾಗ ಅದು ಆಗಲೇ ಬುಟ್ಟಿಯ ಕೆಳಗಿತ್ತು. ಅಪ್ಪ ಕಂಬಳಿ ಹೆಗಲಿಗೇರಿಸಿ, ತಾಯಿ ಬರುವತನಕ ಎತ್ತಿ ನೋಡಬೇಡ, ನೋಡಿದರೆ ಮರಿಗೆ ಒಳ್ಳೆಯದಲ್ಲ ಎಂದು ಹೇಳಿ ಹಿಂಡು ಹೊಡೆದುಕೊಂಡು ಹೋದ.

ಆ ದಿನ ಎಷ್ಟು ಉದ್ದವಿತ್ತೋ! ಬುಟ್ಟಿಗೆ ಕಿವಿ ಹಚ್ಚಿ ಕೂತೆ. ಉಸಿರಾಟ ಕೇಳಿದಂತೆಯೂ ಆಗುತ್ತಿತ್ತು, ಕೇಳದಂತೆಯೂ ಆಗುತ್ತಿತ್ತು. ಒಂದು ಗಳಿಗೆ ಮರಿ ಬದುವಿನ ಮೇಲೆ ನನ್ನ ಹಿಂದೆ ಕುಣಿಯುತ್ತ ಬರುತ್ತಿತ್ತು. ಇನ್ನೊಂದು ಗಳಿಗೆ ಅಪ್ಪ ಅದಕ್ಕೆ ಹೊಲದಲ್ಲಿ ಕುಣಿ ತೋಡುತ್ತಿದ್ದ. ಬಿಸಿಲು ಜೋಂಪು ಹತ್ತಿಸುತ್ತಿತ್ತು, ಎಚ್ಚರವೋ ಕನಸೋ ತಿಳಿಯದೆ ಎರಡೂ ಮರಿಗಳನ್ನು ನಾನು ಒಂದೇ ಬುಟ್ಟಿಯ ಕೆಳಗೆ ಸಾಕಿಕೊಂಡಿದ್ದೆ. ನಡುಹಗಲಿಗೆ ತಡೆಯಲಾಗಲಿಲ್ಲ. ಕಲ್ಲು ಸರಿಸಿ ಗೇಣುದ್ದ ಎತ್ತಿದೆ. ಬಿಸಿಲ ಪಟ್ಟಿಯೊಂದು ಒಳಗೆ ಬಿತ್ತು. ಮರಿಯ ಕಿವಿ ಒಮ್ಮೆ ಅಲುಗಿದ್ದನ್ನು ಕಂಡೆ. ಆಮೇಲೆ ಅದು ಅಲುಗಲೇ ಇಲ್ಲ.

ಬುಟ್ಟಿ ಇಳಿಸಿ, ಕಲ್ಲಿಟ್ಟು, ಏನೂ ಅರಿಯದವಳಂತೆ ಕೂತೆ. ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು ನಾನೇ. ಸಂಜೆ ಅಪ್ಪ ಬುಟ್ಟಿ ಎತ್ತಿ, ಮರಿ ಹೋಗಿದೆ ಎಂದ. ನಾನು ಅಳಲಿಲ್ಲ. ಕೊಂದವಳಿಗೆ ಅಳುವ ಹಕ್ಕು ಎಲ್ಲಿಯದು? ಅಪ್ಪನ ಜೊತೆ ಎಷ್ಟೋ ದಿನ ಮಾತೂ ಆಡಲಿಲ್ಲ, ಬಾಯಿ ಬಿಟ್ಟರೆ ಎಲ್ಲವೂ ಹೊರಬಿದ್ದೀತೆಂಬ ಹೆದರಿಕೆ.

ಮರುದಿನ ಹುಡುಗಿಯರು ಬೆಕ್ಕನ್ನು ಮರೆತಿರಲಿಲ್ಲ. ವಿಧಿಯಿಲ್ಲದೆ ಹೇಳಿದೆ. ಯಾರೂ ನಿಜವಾಗಿ ಬೆಕ್ಕನ್ನು ಕೂಡಿಹಾಕಲಿಲ್ಲ, ಇದು ಮನಸ್ಸಿನಲ್ಲೇ ಮಾಡುವ ಪ್ರಯೋಗ ಎಂದು ಮೊದಲೇ ಸಮಾಧಾನ ಮಾಡಿದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಬೆಕ್ಕು. ಜೊತೆಗೆ ತಾನಾಗಿಯೇ ಒಡೆಯುವ ಗುಣವಿರುವ ಒಂದು ಪರಮಾಣು. ಒಂದು ಗಂಟೆಯಲ್ಲಿ ಅದು ಒಡೆಯಬಹುದು, ಒಡೆಯದೆಯೂ ಇರಬಹುದು, ಎರಡಕ್ಕೂ ಸಮಪಾಲು. ಒಡೆದರೆ ಸುತ್ತಿಗೆ ಬಿದ್ದು ವಿಷದ ಶೀಸೆ ಒಡೆಯುತ್ತದೆ, ಬೆಕ್ಕು ಸಾಯುತ್ತದೆ. ಇಲ್ಲದಿದ್ದರೆ ಬದುಕುತ್ತದೆ.

ಒಂದು ಕವಡೆ ಎಸೆದು ಅಂಗೈಯಿಂದ ಮುಚ್ಚಿದೆ. ಇದು ಮಗುಚಿ ಬಿದ್ದಿದೆಯೋ ಅಂಗಾತ ಬಿದ್ದಿದೆಯೋ ನಮಗೆ ಗೊತ್ತಿಲ್ಲ, ಆದರೆ ಹೇಗೋ ಒಂದು ರೀತಿ ಬಿದ್ದಾಗಿದೆ ಎಂದೆ. ಪರಮಾಣುವಿನ ಲೋಕ ಹಾಗಲ್ಲ. ಅಲ್ಲಿ ನೋಡುವತನಕ ಒಡೆದದ್ದೂ ಒಡೆಯದ್ದೂ ಒಂದರೊಳಗೊಂದು ಬೆರೆತಿರುತ್ತವೆ ಎನ್ನುತ್ತದೆ ಗಣಿತ. ಹಾಗಾದರೆ ಅದರ ಕೊರಳಿಗೆ ಗಂಟುಬಿದ್ದ ಬೆಕ್ಕಿನ ಗತಿ? ಅದೂ ಬದುಕಿ ಸತ್ತು ಬೆರೆತಿರಬೇಕಲ್ಲ! ಈ ಕಥೆ ಕಟ್ಟಿದ ವಿಜ್ಞಾನಿ ಕಟ್ಟಿದ್ದೇ ತನ್ನ ಓರಗೆಯವರ ಕಾಲೆಳೆಯಲು: ನಿಮ್ಮ ಲೆಕ್ಕ ಎಲ್ಲಿಗೆ ಒಯ್ಯುತ್ತದೆ ನೋಡಿ ಎಂದು. ಮುಚ್ಚಳ ತೆಗೆದು ನೋಡಿದ ಕೂಡಲೇ ಎರಡರಲ್ಲಿ ಒಂದೇ ಉಳಿಯುತ್ತದೆ ಎಂದು ಮುಗಿಸಿದೆ.

ನಮ್ಮ ರಾಜ್ಯವೂ ಆ ಬೆಕ್ಕೇನಾ ಎಂದು ಒಬ್ಬಳು ಕೇಳಿದಳು. ಅದು ಬೆಕ್ಕಲ್ಲ, ದಿಲ್ಲಿಯವರ ಅಂಗೈ ಕೆಳಗಿನ ಕವಡೆ ಎಂದೆ. ನಕ್ಕರು. ಆದರೆ ಎಲ್ಲರಿಗಿಂತ ಚಿಕ್ಕವಳು ನಗಲಿಲ್ಲ.

"ಅಕ್ಕೋರೆ, ಪೆಟ್ಟಿಗ್ಯಾಗ ಏನಾಗೈತಂತ ಇನ್ನೊಬ್ರು ಮೊದಲೇ ನೋಡಿ, ನಮಗ ಹೇಳದ ಸುಮ್ನ ಕುಂತಿದ್ರ?"

ದೊಡ್ಡ ದೊಡ್ಡವರೇ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ ಎಂದೆ. ನೋಡಿದವನ ಪಾಲಿಗೆ ಎಲ್ಲ ಮುಗಿದಿರುತ್ತದೆ, ಹೊರಗಿರುವವನ ಪಾಲಿಗೆ ಮಾತ್ರ ಇನ್ನೂ ಎರಡೂ ಇರುತ್ತವೆ. ಕಟ್ಟೆಯ ಮೇಲೆ ಅಪ್ಪನ ಕೈ ನಿಂತಿತ್ತು. ಉಣ್ಣೆಯ ಎಳೆ ಗಾಳಿಗೆ ತೂಗುತ್ತಿತ್ತು.

ಹುಡುಗಿಯರು ಹೋದ ಮೇಲೆ ಅವನು ಬಂದು ಅವರು ಕೂತಿದ್ದ ಚಾಪೆಯ ಮೇಲೆ ನನ್ನೆದುರು ಕೂತ. ಬೇವಿನ ನೆರಳು ಹಟ್ಟಿಯತನಕ ಚಾಚಿತ್ತು. ಆ ಬಿಳಿ ಚುಕ್ಕೆಯ ಮರಿ ನೆನಪಿದೆಯೇ ಎಂದು ಕೇಳಿದ. ಇದೆ ಎಂದೆ.

"ಅದರದು ಮುಂಜಾನೇನ ಫೈಸಲಾ ಆಗಿತ್ತವ್ವ, ನೀ ಏಳೂದರಾಗ ಸತ್ತ ಹೋಗಿತ್ತು. ನೀ ಅದರ ಮಗ್ಗಲಾಗ ಮಲಗಿದ್ದಿ. ಎಬ್ಬಿಸಿ ಹೇಳಾಕ ನನಗ ಬಾಯಿ ಬರಲಿಲ್ಲ. ಸಂಜೀಗಿ ಹೇಳಿದರಾತಂತ ಬುಟ್ಟಿ ಮುಚ್ಚಿ ಹೋದೆ."

ಕಿವಿ ಅಲುಗಿತ್ತಲ್ಲ ಎಂದು ಥಟ್ಟನೆ ಅಂದುಬಿಟ್ಟೆ. ನೊಣ ಇದ್ದೀತು, ಗಾಳಿ ಇದ್ದೀತು ಎಂದ. ಬುಟ್ಟಿ ಎತ್ತಿದ್ದನ್ನು ನಾನು ಅವನಿಗೆ ಎಂದೂ ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅವನಿಗೆ ಅಚ್ಚರಿಯಾದಂತೆ ಕಾಣಲಿಲ್ಲ.

"ಕಲ್ಲು ಬ್ಯಾರೆ ಕಡೆ ಕುಂತಿತ್ತು, ನೀ ನೋಡಿದಿ ಅಂತ ಅವತ್ತೇ ಗೊತ್ತಾತು. ಅಪ್ಪ ಸುಳ್ಳ ಹೇಳಿ ಹೋದ ಅಂತ ತಿಳಕೊಂಡಿ, ಅದಕ್ಕ ನನ್ನ ಕೂಡ ಮಾತು ಬಿಟ್ಟಿ ಅಂದ್ಕೊಂಡೆ. ಇವತ್ತಿನತನ ಅದ ನನ್ನ ಎದ್ಯಾಗ ಐತಿ."

ಗಂಟೆಯ ಹಿಂದಷ್ಟೇ ಹುಡುಗಿಯರಿಗೆ ಕವಡೆಗೂ ಪರಮಾಣುವಿಗೂ ಇರುವ ವ್ಯತ್ಯಾಸ ಹೇಳಿದ್ದೆ. ನನ್ನ ಮರಿ ಕವಡೆಯಾಗಿತ್ತು. ನಾನು ನೋಡುವ ಮೊದಲೇ ಅದು ಬಿದ್ದಾಗಿತ್ತು. ಇಷ್ಟು ಓದಿದವಳಿಗೆ ಅದನ್ನೊಮ್ಮೆ ಕೇಳಿಕೊಳ್ಳಲು ತೋಚಿರಲಿಲ್ಲ. ಆಗ ಅಳು ಬಂತು. ಎಂಟು ವರ್ಷದವಳು ಅಳಬೇಕಾಗಿದ್ದ ಅಳುವನ್ನೆಲ್ಲ, ಆ ಬಿಳಿ ಚುಕ್ಕೆಗಾಗಿ, ನಾಚಿಕೆಯಿಲ್ಲದೆ ಅತ್ತೆ. ಅಪ್ಪ ಎಳೆ ಸುತ್ತಿಕೊಳ್ಳುತ್ತ ಕಾದು ಕೂತ. ಬಹಳ ಹೊತ್ತಿನ ಮೇಲೆ, ನೆಲ ನೋಡುತ್ತ ಕೇಳಿದ.

"ಈಗರ ಸಿಟ್ಟು ಹೋತಾ?"

ಅವನ ಮೇಲೆ ನನಗೆ ಎಂದೂ ಸಿಟ್ಟಿರಲಿಲ್ಲ. ಆದರೂ ಹೋಯಿತಪ್ಪ ಎಂದೆ.