ಹೊಲಿಗೆ ಯಂತ್ರದ ಮರಿಗಳು

ಬೀದಿಯವರೆಲ್ಲ ಅವನನ್ನು ಮೌನಿ ಟೈಲರ್ ಎನ್ನುತ್ತಿದ್ದರು. ಅಳತೆ ತೆಗೆಯುವಾಗಲೂ "ಕೈ ಎತ್ತಿ" ಎನ್ನುವ ಬದಲು ತಾನೇ ಕೈ ಎತ್ತಿ ತೋರಿಸುವ ಆಸಾಮಿ. ತಾಯಿ ಹೋದ ಮೇಲೆ ಅವನ ಒಂಟಿ ಕೋಣೆಯಲ್ಲಿ ಮಾತಾಡುತ್ತಿದ್ದುದು ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ ಮಾತ್ರ.

ಒಂದು ದಿನ ಎದುರುಮನೆಯ ಅಕ್ಕ ಬುಟ್ಟಿಯಲ್ಲಿ ಬಾತುಕೋಳಿ ಮೊಟ್ಟೆಗಳನ್ನು ತಂದಿಟ್ಟಳು.

"ನಮ್ಮ ಬಾತು ಮಹಾರಾಣಿಗೆ ಮೊಟ್ಟೆ ಇಡೋದು ಗೊತ್ತು, ಕಾವಿಗೆ ಕೂರೋದು ಗೊತ್ತಿಲ್ಲ. ನೀನಂತೂ ಕೂತಲ್ಲಿಂದ ಏಳೋನಲ್ಲ. ನೋಡ್ಕೋ ತಮ್ಮಾ."

ಚಿಂದಿಬಟ್ಟೆಯ ಪೆಟ್ಟಿಗೆಯಲ್ಲಿ ಅವನ್ನಿಟ್ಟು, ಯಂತ್ರದ ಪಕ್ಕದಲ್ಲೇ ಬಲ್ಬು ಇಳಿಬಿಟ್ಟ. ದಿನವೂ ಮೊಟ್ಟೆ ಹೊರಳಿಸಿದ, ನೀರು ಚಿಮುಕಿಸಿದ. ಬಾತುಮರಿ ಚಿಪ್ಪಿನೊಳಗಿದ್ದೇ ತಾಯಿಯ ದನಿಗೆ ಕಿವಿಗೊಡುತ್ತದೆಂದು ಅವನಿಗೇನು ಗೊತ್ತು? ಇವು ಕೇಳಿಸಿಕೊಂಡದ್ದು ಬರೀ ಟಕಟಕ. ನಾಲ್ಕು ಮರಿಗಳು ಹೊರಬಂದವು. ಬಂದದ್ದೇ ತಪ್ಪುಹೆಜ್ಜೆ ಹಾಕುತ್ತ ನಡೆದು ಯಂತ್ರದ ಕಾಲುಹಲಗೆಯ ಕೆಳಗೆ ನುಸುಳಿದವು.

ಬೆಳೆದ ಮೇಲೆ ಹಗಲೆಲ್ಲ ಹಿತ್ತಲಾಚೆಯ ಕೊಳವೇ ಅವುಗಳ ಲೋಕ. ಬಾಲ ಮೇಲೆ, ತಲೆ ಕೆಸರಲ್ಲಿ. ದಡಕ್ಕೆ ಬಂದರೆ ಬಾಲದ ಬುಡದ ಎಣ್ಣೆಯನ್ನು ಕೊಕ್ಕಿನಿಂದ ಗರಿಗೆಲ್ಲ ಸವರಿಕೊಳ್ಳುವುದೇ ಕೆಲಸ. ಸಂಜೆ ಅವನು ಹಿಂಬಾಗಿಲು ತೆರೆದು ಯಂತ್ರ ತುಳಿದರೆ ಸಾಲಾಗಿ ವಾಲಾಡುತ್ತ ಮನೆಗೆ ಬರುತ್ತಿದ್ದವು. ಸಾಲಾಗಿಯೇ ಮಲಗುತ್ತಿದ್ದವು. ತುದಿಯಲ್ಲಿ ಮಲಗಿದ್ದು ಹೊರಗಿನ ಕಣ್ಣೊಂದನ್ನು ತೆರೆದೇ ಇಟ್ಟು ಕಾಯುತ್ತಿತ್ತು. ಒಬ್ಬನೇ ಮಲಗುವವನಿಗೆ ಎರಡು ತುದಿಯೂ ತಾನೇ ಅಲ್ಲವೇ ಎಂದುಕೊಂಡು ಅವನು ದೀಪ ಆರಿಸುತ್ತಿದ್ದ.

ಒಂದು ಮಧ್ಯಾಹ್ನ ಯಂತ್ರದ ಬೆಲ್ಟು ಹರಿಯಿತು. "ನಾಳೆ ತರಿಸ್ತೀನಿ" ಎಂದ ರಿಪೇರಿಯವನು. ಸಂಜೆಗೆ ಕೊಳದ ಸುತ್ತ ಬೀದಿನಾಯಿಗಳು ಮೂಸುತ್ತಿದ್ದವು. ಬಾತುಗಳು ದಡದಲ್ಲೇ ಮಲಗಲು ಜಾಗ ಮಾಡಿಕೊಳ್ಳುತ್ತಿದ್ದವು.

ಹಿಂಬಾಗಿಲಲ್ಲಿ ನಿಂತಿದ್ದ ಅವನ ಬಳಿಗೆ ಎದುರುಮನೆಯ ಅಕ್ಕ ಓಡಿಬಂದಳು. "ಕರಿಯೋ ಮಾರಾಯ! ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ದೀಯಾ?"

"ಬಾ... ಬನ್ನಿ..." ತುಕ್ಕು ಹಿಡಿದ ಕೀಲಿನಂತೆ ದನಿ ಹೊರಟಿತು. ಒಂದೂ ತಿರುಗಿ ನೋಡಲಿಲ್ಲ. ಕೈಯಾರೆ ಕಾಳು ತಿನ್ನಿಸಿದವನು ಅವನು. ಅಕ್ಕನೆದುರು ಅವನ ಮುಖ ಕೆಂಪೇರಿತು. ನಾಯಿಗಳ ಭಯ ಒಂದು ಕಡೆ. ತಾನು ಇವಕ್ಕೆ ಏನೂ ಅಲ್ಲವೇ ಎಂಬ ಸಂಕಟ ಇನ್ನೊಂದು ಕಡೆ.

ನಾಲಿಗೆಯನ್ನು ಅಂಗುಳಿಗೆ ಬಡಿದ. ಟಕಟಕಟಕ.

ನಾಲ್ಕು ಕತ್ತುಗಳೂ ನೆಟ್ಟಗಾದವು. ಮೈ ಕೊಡವಿಕೊಂಡು, ಬಿದ್ದೆವೋ ಎದ್ದೆವೋ ಎಂದು ಅವನತ್ತ ಓಡಿಬಂದವು. ಅವನು ಕುಕ್ಕರುಗಾಲಲ್ಲಿ ಕುಳಿತು ಎರಡೂ ಕೈ ಚಾಚಿದ. ಅವು ಅವನ ಎಡಕ್ಕೆರಡು ಬಲಕ್ಕೆರಡು ಸರಿದು, ನಿಲ್ಲದೆ ಮನೆಯೊಳಗೆ ಹೋದವು.

ಅಕ್ಕ ನಗಲಿಲ್ಲ. "ನಾಯಿ ಬಾಯಿಗೆ ಬೀಳಲಿಲ್ವಲ್ಲ, ಅಷ್ಟು ಸಾಕು ಬಿಡು" ಎಂದು ಮೆಲ್ಲಗೆ ಹೊರಟಳು.

ಒಳಗೆ ಅವು ಕಾಲುಹಲಗೆಯ ಕೆಳಗೆ ಒತ್ತಿಕೊಂಡು, ಸದ್ದಿಲ್ಲದ ಯಂತ್ರವನ್ನು ಕತ್ತೆತ್ತಿ ನೋಡುತ್ತಿದ್ದವು. ಅವನು ಬಾಗಿಲು ಹಾಕಿ, ಯಂತ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತ. ಟಕಟಕಟಕ. ಗಂಟಲು ಒಣಗಿ ನಿಲ್ಲಿಸಿದರೆ ಒಂದು ಕೊಕ್ಕು ಕಬ್ಬಿಣದ ಹಲಗೆಯನ್ನು ಕುಟ್ಟುತ್ತಿತ್ತು. ಅವನು ಉಗುಳು ನುಂಗಿ ಮತ್ತೆ ಶುರುಮಾಡುತ್ತಿದ್ದ.